ಎರಡನೇ ಗೇರ್ ನಿಲ್ಲುತ್ತಿಲ್ಲ, ಕ್ಲಚ್ ಜಾರುತ್ತಿದೆ: ಅಪ್ಪನ ಹಳೇ ವೆಸ್ಪಾ, ಬೆಳಗಾವಿ

ಶಹಾಪುರ ವೆಸ್ಪಾ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಶಹಾಪುರದವನು. ಅಪ್ಪ 1987ರಲ್ಲಿ ಹೊಸದಾಗಿ ತಗೊಂಡ ಎಲ್‌ಎಂಎಲ್ ವೆಸ್ಪಾ 150 ಈಗ ನನ್ನ ಕೈಗೆ ಬಂದಿದೆ. ಕಾನ್ಪುರದಲ್ಲಿ ತಯಾರಾದ ಗಾಡಿ. ಆದರೆ ಇಂಜಿನ್ ಇಟಲಿಯ ಪಿಯಾಜಿಯೋದವರದೇ ವಿನ್ಯಾಸ, 1977ರಲ್ಲಿ ಅಲ್ಲಿ ಬಂದ ಪಿಎಕ್ಸ್ ಸಾಲಿನದು. ಅದಕ್ಕೇ ಪಿಎಕ್ಸ್ ಅಥವಾ ಎಲ್‌ಎಂಎಲ್ ಬಿಚ್ಚಿ ಕಟ್ಟಿದವರ ಮಾತು ನನಗೆ ಜಾಸ್ತಿ ಬೇಕು.

ತೊಂದರೆ ಹೀಗಿದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ "ಟಕ್" ಅಂತ ಗೇರ್ ಬಿಟ್ಟುಬಿಡುತ್ತದೆ. ಮೆಲ್ಲಗೆ ಹೋದರೆ ನಿಲ್ಲುತ್ತದೆ. ಕಳೆದ ಭಾನುವಾರ ಮಗಳನ್ನು ಕೂರಿಸಿಕೊಂಡು ಯಳ್ಳೂರಿನ ರಾಜಹಂಸಗಡ ಹತ್ತುತ್ತಿದ್ದೆ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕೊನೆಗೆ ಇಬ್ಬರೂ ಇಳಿದು ತಳ್ಳಿದೆವು. ಬೆಳಿಗ್ಗೆ ತಣ್ಣಗಿದ್ದಾಗ ಇದರ ಉಲ್ಟಾ. ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದರೂ ಗಾಡಿ ಮುಂದಕ್ಕೆ ಜಿಗಿಯುತ್ತದೆ.

ಒಂದು ಗ್ಯಾರೇಜಿನಲ್ಲಿ ಕೇಳಿದೆ. ಮುಟ್ಟಿ ಕೂಡ ನೋಡದೆ, "ಇಂಜಿನ್ ಪೂರ್ತಿ ಬಿಚ್ಚಬೇಕು, ಗೇರ್ ಸೆಟ್ ಎಲ್ಲ ಹೊಸದು ಹಾಕಬೇಕು" ಅಂದರು. ಒಳಗೆ ಈಗ ಯಾವ ಆಯಿಲ್ ಇದೆ ಅಂತಲೂ ನನಗೆ ಗೊತ್ತಿಲ್ಲ. ಅಪ್ಪನಿಗೆ 78 ವರ್ಷ. ಅವರನ್ನು ಹಿಂದೆ ಕೂರಿಸಿಕೊಂಡು ಇದೇ ಗಾಡಿಯಲ್ಲಿ ಕಪಿಲೇಶ್ವರ ಗುಡಿಗೆ ಹೋಗಿ ಬರಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ನವನಗರ ಪಿಎಕ್ಸ್

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಅಣ್ಣಾ, ಟೈಮ್ ಹಾಳು ಮಾಡಬೇಡಿ, ಬಿಚ್ಚಿಬಿಡಿ. ನನ್ನದೂ ಎರಡನೇ ಗೇರೇ ಬಿಡುತ್ತಿತ್ತು. ಮೂರು ತಿಂಗಳು ಕೇಬಲ್ ಎಳೆದೆ, ಸಡಿಲ ಬಿಟ್ಟೆ, ಮತ್ತೆ ಎಳೆದೆ. ಕೊನೆಗೆ ಬಿಚ್ಚಿದಾಗ ಗೇರ್ ಕ್ರಾಸ್, ಅಂದರೆ ಗೇರನ್ನು ಶಾಫ್ಟಿಗೆ ಕಚ್ಚಿಸುವ ನಾಲ್ಕು ತೋಳಿನ ತುಂಡು, ಸವೆದು ಮೂಲೆಗಳು ಗುಂಡಗಾಗಿದ್ದವು. ಅದನ್ನು ಬದಲಿಸದೆ ಏನೂ ಆಗುವುದಿಲ್ಲ.

ಉದ್ಯಮಬಾಗ ಲೇತ್

ತಮ್ಮಾ, ಬಿಚ್ಚುವುದು ಇದ್ದೇ ಇರುತ್ತದೆ. ಆದರೆ ಏನು ಹುಡುಕುತ್ತಿದ್ದೀಯಾ ಅಂತ ಗೊತ್ತಿಲ್ಲದೆ ಬಿಚ್ಚಿದರೆ, ಅದೇ ರೋಗ ಒಳಗಿಟ್ಟು ಮತ್ತೆ ಮುಚ್ಚುತ್ತೀಯಾ. ನಾನು ಉದ್ಯಮಬಾಗದಲ್ಲಿ 31 ವರ್ಷ ಲೇತ್ ಮೇಲೆ ನಿಂತವನು. ಅರ್ಧ ಬಿಚ್ಚಿದ ಸ್ಕೂಟರ್ ಇಂಜಿನ್‌ಗಳನ್ನು ಗೋಣಿಚೀಲದಲ್ಲಿ ತಂದವರನ್ನು ಬಹಳ ನೋಡಿದ್ದೇನೆ. ಮೊದಲು ಹೊರಗಿನಿಂದ ನಾಲ್ಕು ಪರೀಕ್ಷೆ ಮಾಡು. ಒಂದು ಸಂಜೆಯ ಕೆಲಸ.

ಮೊದಲು ಕಿಕ್. ವೆಸ್ಪಾದಲ್ಲಿ ಕಿಕ್ ಹೊಡೆದ ಬಲ ಗೇರ್ ಶಾಫ್ಟಿಗೆ ಹೋಗಿ, ಕ್ಲಚ್ ದಾಟಿ, ಆಮೇಲೆ ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟು ಕ್ರ್ಯಾಂಕಿಗೆ ಬರುತ್ತದೆ. ಅದಕ್ಕೇ ಕ್ಲಚ್ ಹಿಡಿದು ಕಿಕ್ ಹೊಡೆದರೆ ಇಂಜಿನ್ ತಿರುಗುವುದಿಲ್ಲ. ನೀನು ಕ್ಲಚ್ ಬಿಟ್ಟೇ ಕಿಕ್ ಹೊಡೆದು ನೋಡು. ಕಾಲು ಸರಕ್ ಅಂತ ಇಳಿದು ಇಂಜಿನ್ ತಿರುಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅದಕ್ಕೂ ಮೊದಲು ಕ್ಲಚ್ ಲಿವರಿಗೆ ಎರಡು ಮೂರು ಮಿಲಿಮೀಟರ್ ಸಡಿಲ ಇದೆಯಾ ನೋಡಿಕೋ. ಕೇಬಲ್ ಬಿಗಿ ಇದ್ದರೆ ಹೊಸ ಪ್ಲೇಟ್ ಕೂಡ ಜಾರುತ್ತದೆ.

ಎರಡನೆಯದು ತಿರುಗಿಸಿ ಗೇರ್ ಹಾಕುವ ಎಡಗಡೆ ಹಿಡಿಕೆ. ಎರಡನೇ ಗೇರ್ ಹಾಕಿ, ಹಿಡಿಕೆಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್ ಕೊಡು. ಆಗ ಗೇರ್ ನಿಂತರೆ ಕೇಬಲ್ ಸಡಿಲ ಇರಬಹುದು. ಹಿಡಿದರೂ ಕೈಯನ್ನೇ ತಿರುಗಿಸಿಕೊಂಡು ಬಿಟ್ಟರೆ ರೋಗ ಒಳಗಿದೆ.

ಮೂರನೆಯದು ಹಿಂದಿನ ಚಕ್ರದ ನಟ್. ಇದನ್ನು ಯಾರೂ ನೋಡುವುದಿಲ್ಲ. ಚಕ್ರ ಕೂರುವ ಹಬ್ಬಿನ ನಟ್ ಸಡಿಲವಾಗಿದ್ದರೆ ಕ್ಲಚ್ ಬಿಟ್ಟಾಗೆಲ್ಲ "ಟಕ್" ಅನ್ನುತ್ತದೆ. ಜನ ಗೇರ್ ಅಂದುಕೊಳ್ಳುತ್ತಾರೆ. ಅದಕ್ಕೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಬೇಕು, ಸ್ಪ್ಲಿಟ್ ಪಿನ್ ಇರಲೇಬೇಕು. ಹಬ್ಬಿನ ಒಳಗಿನ ಹಲ್ಲು ಸವೆದಿದ್ದರೆ ಹಬ್ಬೇ ಹೊಸದು.

ಕೊನೆಗೆ ಗೇರ್ ಆಯಿಲ್ ತೆಗೆದು ಅಳತೆ ಮಾಡು. ಆಮೇಲೆ ಮೂಸಿ ನೋಡು. ಈ ಇಂಜಿನ್ನಿಗೆ ಬೇಕಾದದ್ದು 250 ಮಿಲಿಲೀಟರ್. ಅದಕ್ಕಿಂತ ಜಾಸ್ತಿ ಬಂದರೆ, ಪೆಟ್ರೋಲ್ ವಾಸನೆ ಬಂದರೆ, ಇಲ್ಲಿ ಬರೆ. ಉಳಿದದ್ದು ಆಮೇಲೆ ಮಾತಾಡೋಣ.

ಗುಮ್ಮಟ 150

ವಿಜಯಪುರದಿಂದ. ನಮ್ಮ ಬಿಸಿಲಿಗೆ ನಾನು 90 ನಂಬರ್ ಗೇರ್ ಆಯಿಲ್ ಹಾಕುತ್ತೇನೆ. ದಪ್ಪ ಇದ್ದಷ್ಟೂ ಗೇರಿಗೆ ಒಳ್ಳೆಯದು ಅಲ್ವಾ? ಶಹಾಪುರದವರು ಅದನ್ನೇ ಹಾಕಿ ನೋಡಬಹುದು.

ಟಿಳಕವಾಡಿ ಟೂಲ್‌ಬಾಕ್ಸ್

ಗುಮ್ಮಟ ಅಣ್ಣಾ, ದಯವಿಟ್ಟು ಬೇಡ. ವೆಸ್ಪಾದಲ್ಲಿ ಗೇರ್ ಮತ್ತು ಕ್ಲಚ್ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಗೇರಿಗೆ ಹಿತವಾದದ್ದು ಕ್ಲಚ್ಚಿಗೂ ಹಿತವಾಗಬೇಕು. ಪಿಯಾಜಿಯೋದವರು ಹೇಳಿದ್ದು ಎಸ್‌ಎಇ 30 ಇಂಜಿನ್ ಆಯಿಲ್. ಗೇರ್ ಆಯಿಲಿನ 90, ಇಂಜಿನ್ ಆಯಿಲಿನ 30, ಇವೆರಡೂ ಬೇರೆ ಬೇರೆ ಅಳತೆಗೋಲು. 90 ಅಂದರೆ 30ಕ್ಕಿಂತ ಮೂರು ಪಟ್ಟು ದಪ್ಪ ಅಂತಲ್ಲ. ಇಂಜಿನ್ ಆಯಿಲ್ 30 ಸುಮಾರಾಗಿ ಗೇರ್ ಆಯಿಲ್ 80ರ ಹತ್ತಿರ ಬರುತ್ತದೆ. 90 ಹಾಕಿದರೆ ತಣ್ಣಗಿದ್ದಾಗ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಡಿ ಜಿಗಿಯುತ್ತದೆ.

ಕಾರಿನ ಆಯಿಲ್ ಕೂಡ ಬೇಡ. ತುಂಬಾ ಕಾರ್ ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಸೇರಿಕೆ ಇರುತ್ತದೆ. ಇಂಜಿನ್ನಿಗೆ ಅದು ಒಳ್ಳೆಯದು, ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಕೆಟ್ಟದ್ದು. ಸಿಂಗಲ್ ಗ್ರೇಡ್ 30 ಸಿಗದಿದ್ದರೆ ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಬರೆದ ಬೈಕ್ ಆಯಿಲ್ ತಗೊಳ್ಳಿ. ಆ ಗುರುತು ಇರುವುದೇ ಇಂಥ ಕ್ಲಚ್ಚಿಗೆ.

ಶಹಾಪುರ ವೆಸ್ಪಾ

ಕಾಕಾ, ನಿನ್ನೆ ಸಂಜೆ ನಾಲ್ಕೂ ಮಾಡಿದೆ. ಕಿಕ್ ಐದಕ್ಕೆ ಎರಡು ಸಲ ಜಾರುತ್ತದೆ. ಲಿವರಿನ ಸಡಿಲ ಸರಿಯಾಗಿಯೇ ಇದೆ. ಹಿಡಿಕೆ ಗಟ್ಟಿ ಹಿಡಿದರೂ ಗೇರ್ ಬಿಟ್ಟಿತು, ಮಣಿಕಟ್ಟಿಗೆ ಪೆಟ್ಟು ಬಿದ್ದ ಹಾಗಾಯಿತು. ಹಬ್ ನಟ್ ಗಟ್ಟಿ ಇದೆ, ಪಿನ್ ಇದೆ.

ಆಯಿಲ್ ತೆಗೆದೆ. 380 ಮಿಲಿಲೀಟರ್ ಬಂತು! ನೀರಿನ ಹಾಗೆ ತೆಳ್ಳಗೆ, ಕಪ್ಪಗೆ. ಮೂಗಿನ ಹತ್ತಿರ ತಂದರೆ ಪೆಟ್ರೋಲ್ ಪಂಪಿನಲ್ಲಿ ನಿಂತ ಹಾಗೆ. ಇದು ಎಲ್ಲಿಂದ ಬಂತು?

ಉದ್ಯಮಬಾಗ ಲೇತ್

ಅದೇ ನಾನು ಹುಡುಕುತ್ತಿದ್ದದ್ದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಸೀದಾ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬರುತ್ತದೆ. ಪಿಸ್ಟನ್ ಕೆಳಗೆ ಇಳಿದಾಗ ಅಲ್ಲಿ ಒತ್ತಡ, ಮೇಲೆ ಹೋದಾಗ ಸೆಳೆತ. ಆ ಕೋಣೆಗೂ ಪಕ್ಕದ ಗೇರ್ ಕೋಣೆಗೂ ನಡುವೆ ಇರುವುದು ಒಂದು ಆಯಿಲ್ ಸೀಲ್, ರಬ್ಬರ್ ತುಟಿಯ ಬಳೆ. ಅದು ಹೋದರೆ ಎರಡರಲ್ಲಿ ಒಂದು ಆಗುತ್ತದೆ. ಗೇರ್ ಆಯಿಲನ್ನು ಇಂಜಿನ್ ಎಳೆದುಕೊಂಡು ಸುಡುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ, ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಇಲ್ಲವೇ ಪೆಟ್ರೋಲ್ ಗೇರ್ ಕೋಣೆಗೆ ನುಗ್ಗುತ್ತದೆ, ಆಯಿಲ್ ಜಾಸ್ತಿಯಾಗುತ್ತದೆ. ನಿನ್ನದು ಎರಡನೆಯದು.

ಈಗ ಮೂರೂ ತೊಂದರೆ ಒಂದೇ ದಾರದಲ್ಲಿ ಬಂದವು ನೋಡು. ಪೆಟ್ರೋಲ್ ಬೆರೆತ ಆಯಿಲಿಗೆ ಗೇರ್ ಕಾಯುವ ಬಲ ಇರುವುದಿಲ್ಲ. ಕ್ರಾಸ್ ಬೇಗ ಸವೆಯುತ್ತದೆ. ಅದೇ ಆಯಿಲಿನಲ್ಲಿ ಕ್ಲಚ್ ಜಾರಿ ಜಾರಿ ಬಿಸಿಯಾಗುತ್ತದೆ. ಬಿಸಿಗೆ ಸ್ಟೀಲ್ ಪ್ಲೇಟ್ ಸೊಟ್ಟಗಾಗುತ್ತದೆ. ಸೊಟ್ಟ ಪ್ಲೇಟ್ ಕ್ಲಚ್ ಹಿಡಿದಾಗಲೂ ಪೂರ್ತಿ ಬಿಡುವುದಿಲ್ಲ. ಅದಕ್ಕೇ ಬೆಳಿಗ್ಗೆ ಜಿಗಿತ, ಏರಿನಲ್ಲಿ ಜಾರಿಕೆ.

ಕ್ಲಚ್ ಕಡೆಯ ಸೀಲ್ ಬದಲಿಸಲು ಈ ಇಂಜಿನ್ನಿನಲ್ಲಿ ಕೇಸ್, ಅಂದರೆ ಹೊರ ಕವಚ, ಎರಡು ಹೋಳು ಮಾಡಲೇಬೇಕು. ಬಾಗಲಕೋಟೆ ತಮ್ಮ ಹೇಳಿದ್ದೇ ಆಯಿತು, ಬಿಚ್ಚು. ಆದರೆ ಕ್ರಾಸ್ ಒಂದನ್ನೇ ಬದಲಿಸಿ ಮುಚ್ಚಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇಲ್ಲೇ ಬರುತ್ತಿದ್ದೆ.

ನವನಗರ ಪಿಎಕ್ಸ್

ಕಾಕಾ, ಇದನ್ನು ಓದಿ ಈಗಲೇ ನನ್ನ ಗಾಡಿಯ ಆಯಿಲ್ ಮೂಸಿ ನೋಡಿ ಬಂದೆ. ಸ್ವಲ್ಪ ವಾಸನೆ ಇದೆ. ಕ್ರಾಸ್ ಹಾಕಿ ಒಂದೂವರೆ ವರ್ಷ ಆಯಿತು. ಆಗ ಸೀಲ್ ಮುಟ್ಟಿರಲಿಲ್ಲ.

ಟಿಳಕವಾಡಿ ಟೂಲ್‌ಬಾಕ್ಸ್

ಶಹಾಪುರ ಅಣ್ಣಾ, ಇಂಜಿನ್ ಇಳಿಸುವುದಕ್ಕೆ ಹೆದರಬೇಡಿ. ಫ್ರೇಮಿಗೆ ಹಿಡಿದಿರುವುದು ಒಂದು ಉದ್ದ ಬೋಲ್ಟ್, ಶಾಕಪ್ಪಿನ ಒಂದು ಬೋಲ್ಟ್. ಉಳಿದದ್ದು ಕೇಬಲ್, ವೈರ್, ಪೆಟ್ರೋಲ್ ಪೈಪ್. ನಾನು ಒಬ್ಬಳೇ ಇಳಿಸಿದ್ದೇನೆ, ಕೆಳಗೆ ಹಳೇ ಟೈರ್ ಇಟ್ಟುಕೊಂಡು.

ಕ್ಲಚ್ ಮಾತ್ರ ಇಂಜಿನ್ ಗಾಡಿಯಲ್ಲಿರುವಾಗಲೇ ತೆಗೆಯಿರಿ. ಹಿಂದಿನ ಚಕ್ರ ಬಿಚ್ಚಿದರೆ ಕ್ಲಚ್ ಕವರ್ ಎದುರಿಗೇ ಸಿಗುತ್ತದೆ. ಒಳಗಿನ ನಟ್ ಬುರುಜಿನ ಹಲ್ಲಿನ ಹಾಗೆ ಇರುತ್ತದೆ, ಸಾದಾ ಪಾನಾ ಕೂರುವುದಿಲ್ಲ. ದಯವಿಟ್ಟು ಛಾಣಿ, ಸುತ್ತಿಗೆ ಹಿಡಿಯಬೇಡಿ. ನನ್ನ ಗಾಡಿಗೆ ಹಿಂದೆ ಯಾರೋ ಹಾಗೆ ಮಾಡಿದ್ದರು. ನಟ್ಟಿನ ಚೂರು ಆಯಿಲಿನಲ್ಲಿ ಸಿಕ್ಕಿತು. ಮೊದಲು ಲಾಕ್ ವಾಷರಿನ ಮಡಚಿದ ಕಿವಿ ಬಿಡಿಸಿ. ಆಮೇಲೆ ನಾಲ್ಕನೇ ಗೇರ್ ಹಾಕಿ, ಯಾರಾದರೂ ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಕ್ರ್ಯಾಂಕ್ ತಿರುಗುವುದಿಲ್ಲ. ನಿಮ್ಮ ಕ್ಲಚ್ ಜಾರುವುದರಿಂದ ಇದು ಸಾಕಾಗದೇ ಇರಬಹುದು. ಆಗ ಕ್ರ್ಯಾಂಕಿನ ಇನ್ನೊಂದು ತುದಿಯ ಮ್ಯಾಗ್ನೆಟ್ ಚಕ್ರ ತಿರುಗದಂತೆ ಹಿಡಿಯುವ ಹೋಲ್ಡರ್ ಬೇಕು. ಕ್ಲಚ್ ಹೊರಗೆ ಬಂದಾಗ ಶಾಫ್ಟಿನ ಮೇಲಿನ ಅರ್ಧಚಂದ್ರದ ಕೀಲಿ ಬೀಳುತ್ತದೆ. ಕೆಳಗೆ ಬಟ್ಟೆ ಹಾಸಿ.

ಉದ್ಯಮಬಾಗ ಲೇತ್

ಆ ಪಾನಾ ನಾನು ಮಾಡಿಕೊಡುತ್ತೇನೆ. ದಪ್ಪ ಬಾಕ್ಸ್ ಪಾನಾದ ಬಾಯಿಯಲ್ಲಿ ನಾಲ್ಕು ಹಲ್ಲು ಉಳಿಯುವ ಹಾಗೆ ಕೊರೆದರೆ ಆಯಿತು. ಬೆಳಗಾವಿಯಲ್ಲಿ ಇದ್ದುಕೊಂಡು ಒಂದು ಪಾನಾಕ್ಕೆ ಯಾಕೆ ಒದ್ದಾಡಬೇಕು? ಈ ಊರಿನ ಫೌಂಡ್ರಿ, ಲೇತುಗಳಿಂದ ಎಲ್ಲೆಲ್ಲಿಗೋ ಸಾಮಾನು ಹೋಗುತ್ತದೆ. ಹಳೇ ನಟ್ ಅಳತೆ ತಗೊಂಡು ಬಾ.

ಶಹಾಪುರ ವೆಸ್ಪಾ

ಕಾಕಾ, ಪಾನಾ ಸಿಕ್ಕಿತು. ದುಡ್ಡು ತಗೊಳ್ಳಲಿಲ್ಲ ನೀವು. ಅಪ್ಪ ನಿಮಗೆ ನಮಸ್ಕಾರ ಹೇಳಿದ್ದಾರೆ.

ಶನಿವಾರ, ಭಾನುವಾರ ಎರಡೂ ದಿನ ಅಂಗಳದಲ್ಲೇ ಕೂತೆ. ಮುಂದೆ ಮಾಡುವವರಿಗೆ ಬೇಕಾಗುತ್ತದೆ ಅಂತ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಕ್ಲಚ್: ಏಳು ಸ್ಪ್ರಿಂಗ್, ಮೂರು ಕಾರ್ಕ್ ಪ್ಲೇಟ್. ಅದನ್ನು ಒತ್ತಿ ಬಿಚ್ಚಲು ನಡುವೆ ಒಂದು ಉದ್ದ ಬೋಲ್ಟ್, ಎರಡು ಬದಿ ದಪ್ಪ ವಾಷರ್ ಹಾಕಿ ನಟ್ ಬಿಗಿ ಮಾಡಿದೆ. ನಿಧಾನಕ್ಕೆ ಬಿಟ್ಟೆ, ಏನೂ ಹಾರಲಿಲ್ಲ. ಎರಡು ಪ್ಲೇಟುಗಳಲ್ಲಿ ಕಾರ್ಕ್ ಬಹುತೇಕ ತಗಡಿನವರೆಗೆ ಸವೆದಿತ್ತು. ಸ್ಟೀಲ್ ಪ್ಲೇಟ್ ನೀಲಿ ಬಣ್ಣಕ್ಕೆ ತಿರುಗಿತ್ತು. ಗಾಜಿನ ಮೇಲೆ ಇಟ್ಟು ಬೆರಳಿನಿಂದ ಒತ್ತಿದರೆ ಟಿಕ್ ಟಿಕ್ ಅಂತ ಆಡುತ್ತದೆ. ಕಾಕಾ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಸ್ಪ್ರಿಂಗುಗಳನ್ನು ಹೊಸದರ ಪಕ್ಕ ನಿಲ್ಲಿಸಿದರೆ ಎಲ್ಲವೂ ಗಿಡ್ಡ.

ಕೇಸ್: ಎಲ್ಲ ಬೋಲ್ಟ್ ತೆಗೆದ ಮೇಲೂ ಬಿಡಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಎತ್ತೋಣ ಅನಿಸಿತು. ಅಪ್ಪ ಕುರ್ಚಿಯಿಂದಲೇ "ಬೇಡ, ಆ ಮುಖ ಗೀರಿದರೆ ಜನ್ಮಕ್ಕೂ ಸೋರುತ್ತೆ" ಅಂದರು. ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ಬಡಿದೆ. ಹತ್ತು ನಿಮಿಷದಲ್ಲಿ ಬಾಯಿ ಬಿಟ್ಟಿತು.

ಸೀಲ್: ರಬ್ಬರಿನ ತುಟಿ ಕಲ್ಲಿನ ಹಾಗೆ ಗಟ್ಟಿ. ಒಂದು ಕಡೆ ಸೀಳಿತ್ತು.

ಗೇರ್ ಶಾಫ್ಟ್ ತೆಗೆಯುವಾಗ ಸೂಜಿಯಂಥ ರೋಲರ್‌ಗಳು ಬಿದ್ದವು. ನನ್ನದರಲ್ಲಿ 21. ಎಣಿಸಿ ಚಹಾ ಬಸಿಯಲ್ಲಿ ಹಾಕಿಟ್ಟೆ. ಗೇರುಗಳನ್ನು ತೆಗೆದ ಕ್ರಮದಲ್ಲೇ, ಮುಖ ಬದಲಾಗದ ಹಾಗೆ ತಂತಿಗೆ ಪೋಣಿಸಿದೆ.

ಕ್ರಾಸ್ ತೆಗೆಯುವಾಗ ಅರ್ಧ ದಿನ ಹೋಯಿತು. ಶಾಫ್ಟಿನೊಳಗೆ ಕ್ರಾಸ್ ಹಿಡಿದಿರುವ ರಾಡ್ ಬಿಚ್ಚುತ್ತಲೇ ಇಲ್ಲ. ಇನ್ನೊಂದು ಸ್ವಲ್ಪ ಬಲ ಹಾಕಿದ್ದರೆ ಮುರಿಯುತ್ತಿತ್ತು. ಅಷ್ಟರಲ್ಲಿ ಟೂಲ್‌ಬಾಕ್ಸ್ ಅಕ್ಕ ಫೋನಿನಲ್ಲಿ ಸಿಕ್ಕರು. ಅದು ಉಲ್ಟಾ ಥ್ರೆಡ್! ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಬೇಕು. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ.

ಕ್ರಾಸಿನ ನಾಲ್ಕು ತೋಳಿನ ಅಂಚುಗಳೂ ಗುಂಡಗಾಗಿವೆ. ಎರಡನೇ ಗೇರಿನ ಒಳಗಿನ ಕಚ್ಚುಗಳ ಅಂಚು ಕೂಡ ಸ್ವಲ್ಪ ಹೊಳೆಯುತ್ತದೆ. ಗೇರ್ ಹೊಸದು ಹಾಕಲೋ, ಬಿಡಲೋ?

ಉದ್ಯಮಬಾಗ ಲೇತ್

ಕಚ್ಚಿನ ಅಂಚಿಗೆ ಉಗುರು ಎಳೆದು ನೋಡು. ಉಗುರು ಸಿಕ್ಕಿಕೊಂಡರೆ ಅಂಚು ಇನ್ನೂ ಇದೆ. ಜಾರಿದರೆ ಆ ಗೇರ್ ಬದಲಿಸು. ಹೊಳಪಿಗೆ ಹೆದರಬೇಡ.

ಅದಕ್ಕಿಂತ ಮುಖ್ಯ ಗೇರುಗಳ ಆಟ, ಅಂದರೆ ಶಾಫ್ಟಿನ ಮೇಲೆ ಅತ್ತಿತ್ತ ಸರಿಯುವ ಸಡಿಲ. ಹೊಸ ಕ್ರಾಸ್ ಹಾಕಿ, ನಾಲ್ಕೂ ಗೇರ್ ಜೋಡಿಸಿ, ಮೇಲಿನ ದಪ್ಪ ವಾಷರ್, ಸರ್ಕ್ಲಿಪ್ ಹಾಕು. ವಾಷರಿಗೂ ಗೇರಿಗೂ ನಡುವೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ತೂರಿಸು. 0.15ರಿಂದ 0.40 ಮಿಲಿಮೀಟರ್ ಒಳಗೆ ಇರಬೇಕು. 0.50 ದಾಟಿದರೆ ಗೇರುಗಳು ಅತ್ತಿತ್ತ ಸರಿಯುತ್ತವೆ. ಕ್ರಾಸ್ ಪೂರ್ತಿ ಒಳಗೆ ಕೂರುವುದಿಲ್ಲ, ಅಂಚಿನ ಮೇಲೆ ಮಾತ್ರ ಹಿಡಿಯುತ್ತದೆ. ಆಗ ಹೊಸ ಕ್ರಾಸ್ ಕೂಡ ಹಳೇದರ ದಾರಿ ಹಿಡಿಯುತ್ತದೆ.

ಶಹಾಪುರ ವೆಸ್ಪಾ

ಉಗುರು ಸಿಕ್ಕಿಕೊಳ್ಳುತ್ತದೆ, ಗೇರ್ ಉಳಿಸಿಕೊಂಡೆ. ಆಟ ಅಳೆದೆ: 0.55! ನೀವು ಮನೆಯಲ್ಲೇ ಒಂದು ದಪ್ಪ ವಾಷರ್ ಕೊರೆದು ಕೊಡಬಹುದಾ ಕಾಕಾ?

ಉದ್ಯಮಬಾಗ ಲೇತ್

ಕೊಡಬಹುದು, ಆದರೆ ಕೊಡುವುದಿಲ್ಲ. ಆ ವಾಷರ್ ಗಟ್ಟಿ ಮಾಡಿದ ಉಕ್ಕಿನದು, ಮುಖ ಗ್ರೈಂಡ್ ಆಗಿರುತ್ತದೆ. ಸಾದಾ ಉಕ್ಕಿನಲ್ಲಿ ಕೊರೆದರೆ ಕೆಲವೇ ತಿಂಗಳಲ್ಲಿ ಸವೆದು ಆ ಪುಡಿ ಬೇರಿಂಗಿಗೆ ಹೋಗುತ್ತದೆ. ಬೇರೆ ಬೇರೆ ದಪ್ಪದಲ್ಲಿ ತಯಾರಾದವೇ ಸಿಗುತ್ತವೆ. ಪುಣೆಯಿಂದ ತರಿಸು. ಕ್ರಾಸ್ ತರಿಸುವಾಗಲೂ ಹಳೇದರ ಫೋಟೋ, ಅಳತೆ ಎರಡೂ ಕಳಿಸು. ಚಪ್ಪಟೆ ಮುಖದ್ದು, ಮೆಟ್ಟಿಲು ಇರುವುದು ಅಂತ ಬೇರೆ ಬೇರೆ ಬಗೆ ಇವೆ. ತಪ್ಪು ಬಂದರೆ ಕೂರುತ್ತದೆ, ಆದರೆ ಗೇರ್ ಸರಿಯಾಗಿ ಬೀಳುವುದಿಲ್ಲ.

ಗುಮ್ಮಟ 150

ನಾನು 90 ತೆಗೆದು 30 ಹಾಕಿದೆ. ಬೆಳಿಗ್ಗೆ ನ್ಯೂಟ್ರಲ್ ಸಿಗದೆ ಒದ್ದಾಡುತ್ತಿದ್ದದ್ದು ಕಡಿಮೆಯಾಗಿದೆ. ಟೂಲ್‌ಬಾಕ್ಸ್ ತಂಗಿ, ಥ್ಯಾಂಕ್ಸ್. ಇಷ್ಟು ವರ್ಷ ಕೇಬಲ್‌ಗೆ ಬೈದೆ.

ಶಹಾಪುರ ವೆಸ್ಪಾ

ಹನ್ನೆರಡು ದಿನ ಆಯಿತು, ಸಾಮಾನು ಬಂತು, ಕೂಡಿಸಿದೆ.

ಹೊಸ ವಾಷರಿನಲ್ಲಿ ಆಟ 0.25. ಹೊಸ ಸೀಲ್ ಕೂರಿಸುವ ಮೊದಲು ತುಟಿಗೆ ಆಯಿಲ್ ಹಚ್ಚಿದೆ. ಸೂಜಿ ರೋಲರ್‌ಗಳನ್ನು ಗ್ರೀಸಿನಲ್ಲಿ ಅಂಟಿಸಿ, 21 ಇವೆಯಾ ಅಂತ ಮಗಳ ಕೈಲಿ ಎರಡು ಸಲ ಎಣಿಸಿಸಿದೆ. ಕಾರ್ಕ್ ಪ್ಲೇಟುಗಳನ್ನು ಇಡೀ ರಾತ್ರಿ ಆಯಿಲಿನಲ್ಲಿ ನೆನೆಸಿದ್ದೆ. ಒಣಗಿದ್ದನ್ನೇ ಹಾಕಿದರೆ ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ ಅಂತ ಅಕ್ಕ ಹೇಳಿದ್ದರು. ಕ್ಲಚ್ ನಟ್ಟಿಗೆ ಹೊಸ ಲಾಕ್ ವಾಷರ್, 42 ನ್ಯೂಟನ್ ಮೀಟರ್ ಬಿಗಿ. ಆಯಿಲ್ 250 ಮಿಲಿ.

ಮೊದಲ ದಿನ ಬಿಸಿಯಾದ ಮೇಲೆ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಎದೆ ಧಸಕ್ ಅಂತು. ಮತ್ತೆ ಬಿಚ್ಚಬೇಕಾ ಅಂತ. ನೋಡಿದರೆ ಹೊಸ ಕ್ಲಚ್ ಕೇಬಲ್ ಕೂತು ಸಡಿಲ ಜಾಸ್ತಿಯಾಗಿತ್ತು. ಅಡ್ಜಸ್ಟರ್ ಎರಡು ಸುತ್ತು ತಿರುಗಿಸಿದೆ, ಸರಿಯಾಯಿತು.

ನಿನ್ನೆ ಜಾಂಬೋಟಿವರೆಗೆ ಹೋಗಿ ಬಂದೆ. ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟೆ, ಒಂದು ಸಲವೂ ಬಿಡಲಿಲ್ಲ. ಇವತ್ತು ಸೋಮವಾರ. ಬೆಳಿಗ್ಗೆ ಆರಕ್ಕೆ ಅಪ್ಪನನ್ನು ಕೂರಿಸಿಕೊಂಡು ಕಪಿಲೇಶ್ವರಕ್ಕೆ ಹೋದೆ. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮೇಲ್ಸೇತುವೆ ಹತ್ತುವಾಗ ಮಾತ್ರ ನನ್ನ ಭುಜ ತಟ್ಟಿ "ಎರಡರಲ್ಲೇ ಇರಲಿ" ಅಂದರು.

ಟಿಳಕವಾಡಿ ಟೂಲ್‌ಬಾಕ್ಸ್

ಓದಿ ಕಣ್ಣು ತುಂಬಿ ಬಂತು ಅಣ್ಣಾ. 500 ಕಿಲೋಮೀಟರ್ ಆದ ಮೇಲೆ ಆಯಿಲ್ ತೆಗೆದು, ಅಳತೆ ಮಾಡಿ ಇಲ್ಲಿ ಹಾಕಿ. ಹೊಸ ಕಾರ್ಕಿನ ಪುಡಿ ಸ್ವಲ್ಪ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆ ಆಯಿಲಿನಲ್ಲಿ ಒಂದು ಮ್ಯಾಗ್ನೆಟ್ ಆಡಿಸಿ, ಅದಕ್ಕೆ ಲೋಹದ ಚೂರು ಅಂಟಿದರೆ ಮಾತ್ರ ಹೇಳಿ.

ಶಹಾಪುರ ವೆಸ್ಪಾ

520 ಕಿಲೋಮೀಟರ್. ಆಯಿಲ್ ತೆಗೆದೆ, 245 ಮಿಲಿ ಬಂತು. ಪೆಟ್ರೋಲ್ ವಾಸನೆ ಇಲ್ಲ. ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ಸಣ್ಣ ಹುಡಿ ಬಿಟ್ಟರೆ ಏನೂ ಅಂಟಲಿಲ್ಲ. ಗೇರ್ ಸೆಲೆಕ್ಟರ್ ಡಬ್ಬಿಯ ಗ್ಯಾಸ್ಕೆಟ್ ಹತ್ತಿರ ಸ್ವಲ್ಪ ಜಿನುಗುತ್ತಿದೆ, ಮುಂದಿನ ವಾರ ಅದನ್ನು ಬದಲಿಸುತ್ತೇನೆ.

ನವನಗರ ಪಿಎಕ್ಸ್

ಅಣ್ಣಾ, ನನ್ನ ಗಾಡಿಯ ಆಯಿಲ್ ಈ ವಾರ ಅಳೆದೆ. 310 ಬಂತು. ಸೀಲ್ ತರಿಸಿದ್ದೇನೆ. ಕಾಕಾ ಮಾಡಿದ ಆ ಪಾನಾ ಒಂದು ವಾರ ಕೊಡುತ್ತೀರಾ?

ಶಹಾಪುರ ವೆಸ್ಪಾ

ನಾಳೆ ಬಾಗಲಕೋಟೆ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಫೀಲರ್ ಗೇಜ್ ಕೂಡ ಅದರಲ್ಲೇ ಇಟ್ಟಿರುತ್ತೇನೆ. ರಾಡ್ ಬಿಚ್ಚುವಾಗ ಉಲ್ಟಾ ಥ್ರೆಡ್, ಮರೆಯಬೇಡಿ.